ಸಾಲಿನ ಕೊನೆಗೆ ಒಬ್ಬ ಗಾರ್ಡ್ ಬೇಕು

ಮಾನ್ಯ ಸಂಪಾದಕರೇ,

ಹೋದ ಶನಿವಾರ ನಿಮ್ಮ ಪತ್ರಿಕೆಯ ಕಾರ್ಯಕ್ರಮ ಪಟ್ಟಿಯಲ್ಲಿ, ಒಂದು ಪುಸ್ತಕ ಬಿಡುಗಡೆ ಮತ್ತು ಒಂದು ಪುಣ್ಯಸ್ಮರಣೆಯ ನಡುವೆ, ಎರಡು ಸಾಲಿನ ಸೂಚನೆಯೊಂದಿತ್ತು: ರವಿವಾರ ಮುಂಜಾನೆ 6ಕ್ಕೆ ಧಾರವಾಡದಿಂದ ಹುಬ್ಬಳ್ಳಿಗೆ ಸೈಕಲ್ ಸವಾರಿ, ಎಲ್ಲರಿಗೂ ಸ್ವಾಗತ. ಓದಿ ಸಂತೋಷವಾಯಿತು. ಕರ್ನಾಟಕ ಕಾಲೇಜಿನ (ಕೆಸಿಡಿ) ಮೈದಾನ, ಕರ್ನಾಟಕ ವಿಶ್ವವಿದ್ಯಾಲಯದ ಆವರಣ, ತೋಳನಕೆರೆ, ನೃಪತುಂಗ ಬೆಟ್ಟ, ಎಲ್ಲಿ ಹೋದರೂ ಬೆಳಕು ಹರಿಯುವ ಹೊತ್ತಿಗೆ ನಡೆಯುವವರ, ಸೈಕಲ್ ಹೊಡೆಯುವವರ ಗುಂಪುಗಳು ಸಿಗುತ್ತವೆ. ಅವಳಿ ನಗರಕ್ಕೆ ಇದು ದೊಡ್ಡ ಒಳಿತು. ಆದರೆ ‘ಎಲ್ಲರಿಗೂ ಸ್ವಾಗತ’ ಎಂಬ ಎರಡು ಶಬ್ದ ನಂಬಿ ಹೋದವಳು ತಿರುಗಿ ಮನೆ ಹೇಗೆ ಮುಟ್ಟುತ್ತಾಳೆ ಎನ್ನುವುದನ್ನು ಸವಾರಿ ಏರ್ಪಡಿಸುವವರೂ, ಸೂಚನೆ ಅಚ್ಚು ಹಾಕುವ ತಾವೂ ತಿಳಿಯಬೇಕು ಅನಿಸಿ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾದೀತು, ದಯವಿಟ್ಟು ಓದಬೇಕು.

ನನಗೀಗ 63 ವರ್ಷ. ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡಿ ನಿವೃತ್ತಳಾದೆ. ಮನೆ ಧಾರವಾಡದ ಸಪ್ತಾಪುರದಲ್ಲಿ. ಸೈಕಲ್ ಕಲಿತದ್ದು ಹನ್ನೆರಡನೇ ವಯಸ್ಸಿಗೆ, ತಾಸಿಗೆ ನಾಲ್ಕಾಣೆ ಬಾಡಿಗೆ ಕೊಟ್ಟು ತಂದ ಗಂಡುಮಕ್ಕಳ ಸೈಕಲ್ಲಿನ ಮೇಲೆ, ಫ್ರೇಮಿನ ನಡುವೆ ಕಾಲು ತೂರಿಸಿ. ನಮ್ಮಣ್ಣ ಸೀಟು ಹಿಡಿದುಕೊಂಡು ಹಿಂದೆ ಓಡಿ ಬರುತ್ತಿದ್ದ. ಮದುವೆಯಾದ ಮೇಲೆ ಸೈಕಲ್ ಬಿಟ್ಟುಹೋಯಿತು. ನಿವೃತ್ತಿಯ ದುಡ್ಡು ಕೈಗೆ ಬಂದ ವಾರವೇ ಸುಭಾಸ ರಸ್ತೆಗೆ ಹೋಗಿ, ಮುಂದೆ ಬುಟ್ಟಿ ಇರುವ, ಗೇರ್ ಇಲ್ಲದ ಲೇಡೀಸ್ ಸೈಕಲ್ ತಂದೆ. ಒಂದು ತಿಂಗಳು ವಿಶ್ವವಿದ್ಯಾಲಯದ ಆವರಣದೊಳಗೇ ಸುತ್ತಿದೆ. ಆಮೇಲೆ ಒಂದು ಸೂಚನೆ ಓದಿ ದೊಡ್ಡ ಸವಾರಿಗೆ ಹೊರಟೆ.

ಆ ತಂಡದ ಹೆಸರು ಇಲ್ಲಿ ಬೇಡ. ಅಲ್ಲಿದ್ದವರು ಒಳ್ಳೆಯವರೇ, ಹೊರಡುವಾಗ ನನ್ನ ಸೈಕಲ್ಲಿಗೆ ಗಾಳಿ ಹಾಕಿಕೊಟ್ಟವರೂ ಅವರೇ. ಆಷಾಢದ ರವಿವಾರ. ಜ್ಯುಬಿಲಿ ವೃತ್ತದಲ್ಲಿ ಮೂವತ್ತು ಮಂದಿ ಸೇರಿದ್ದೆವು. ತಲೆ ಎಣಿಸಿದರು, ಬ್ಯಾನರ್ ಹಿಡಿದು ಫೋಟೊ ತೆಗೆದರು, ಹೊರಟೆವು. ಉಣಕಲ್ ಕೆರೆ ತನಕ 15–16 ಕಿ.ಮೀ. ದಾರಿ ನನಗೆ ಹೂ ಎತ್ತಿದಷ್ಟು ಹಗುರಾಯಿತು. ಕೆರೆ ನಡುವಿನ ವಿವೇಕಾನಂದರ ಮೂರ್ತಿ ನೋಡುತ್ತ ಚಹಾ ಕುಡಿದೆ. ಇನ್ನು ಮುಂದೆ ಪ್ರತಿ ವಾರ ಬರುತ್ತೇನೆ ಅಂತ ಪಕ್ಕದ ಹುಡುಗಿಗೆ ಹೇಳಿದೆ.

ಯಾಕೆ ಹಗುರಾಯಿತು ಎಂಬುದು ನನಗಾಗ ಗೊತ್ತಿರಲಿಲ್ಲ. ಧಾರವಾಡ ಮೇಲೆ, ಹುಬ್ಬಳ್ಳಿ ಕೆಳಗೆ. ಅವಳಿ ನಗರದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಕೂತು ಹೋಗುವಾಗ ಈ ಇಳಿಜಾರು ತಿಳಿಯುವುದೇ ಇಲ್ಲ, ತಿಳಿಯಬೇಕಾದರೆ ಪೆಡಲ್ ತುಳಿಯಬೇಕು. ಜೊತೆಗೆ ಮಳೆಗಾಲದ ಗಾಳಿ ಪಡುವಣದಿಂದ ಬೀಸುತ್ತದೆ. ಹೋಗುವಾಗ ಅದು ಬೆನ್ನಿಗಿತ್ತು, ಬರುವಾಗ ಎದೆಗೆ ಬಂತು. ನವನಗರ ದಾಟುವುದರೊಳಗೆ ನಾನು ಗುಂಪಿನ ಬಾಲಕ್ಕೆ ಬಂದಿದ್ದೆ. ರಾಯಾಪುರದ ಹತ್ತಿರ ಎಲ್ಲರಿಗಿಂತ ಹಿಂದಿದ್ದವನ ಕೆಂಪು ದೀಪವೂ ಕಣ್ಣಿಗೆ ಮರೆಯಾಯಿತು.

ಗಾಳಿಯ ಈ ಲೆಕ್ಕವನ್ನು ಎಲ್ಲ ತಂಡದವರೂ ತಿಳಿದಿರಬೇಕು. ಸೈಕಲ್ ಹೊಡೆಯುವವರ ಶಕ್ತಿಯನ್ನು ಹೆಚ್ಚು ತಿನ್ನುವುದು ಎದುರುಗಾಳಿ. ಮತ್ತೊಬ್ಬರ ಬೆನ್ನ ಹಿಂದೆ ಹೋದರೆ ಅವರೇ ಗಾಳಿ ಸೀಳುತ್ತಾರೆ, ನಮ್ಮ ಶ್ರಮ ಇಳಿಯುತ್ತದೆ. ಗುಂಪಿನಲ್ಲಿ ಹೋಗುವುದರ ದೊಡ್ಡ ಲಾಭ ಇದು. ಆದರೆ ಹಿಂದೆ ಬಿದ್ದವರಿಗೆ ಆ ಆಸರೆ ತಪ್ಪಿಹೋಗುತ್ತದೆ. ಎಲ್ಲರಿಗಿಂತ ಸುಸ್ತಾದವರೇ ಪೂರ್ತಿ ಗಾಳಿಯನ್ನು ಒಬ್ಬರೇ ತಡೆಯಬೇಕಾಗುತ್ತದೆ. ಹತ್ತು ಮೀಟರ್ ಹಿಂದುಳಿದವರು ಒಂದು ಕಿ.ಮೀ. ಹಿಂದುಳಿಯಲು ಬಹಳ ಹೊತ್ತು ಬೇಡ.

ನವಲೂರಿನ ಸೇತುವೆ ಹತ್ತಿರ ಚೈನ್ ಬಿತ್ತು. ಜಿಟಿಜಿಟಿ ಮಳೆ ಶುರುವಾಗಿತ್ತು. ಸೂಚನೆಯಲ್ಲಿದ್ದ ನಂಬರಿಗೆ ಫೋನ್ ಹಚ್ಚಿದೆ, ಎತ್ತಲಿಲ್ಲ. ಸೈಕಲ್ ಮೇಲಿದ್ದವರಿಗೆ ರಿಂಗ್ ಕೇಳಿಸುವುದಾದರೂ ಹೇಗೆ? ನಾನು ರಸ್ತೆ ಬದಿಗೆ ನಿಂತೇ ಇದ್ದಾಗ ಅವರು ಧಾರವಾಡ ಮುಟ್ಟಿ, ನಾಷ್ಟಾ ಮುಗಿಸಿ, ಫೋಟೊಗಳನ್ನು ವಾಟ್ಸಾಪಿಗೆ ಹಾಕಿದ್ದರು. ಹೊರಡುವಾಗ ತಲೆ ಎಣಿಸಿದವರು ಮುಟ್ಟಿದ ಮೇಲೆ ಎಣಿಸಿರಲಿಲ್ಲ. ನನಗೆ ಬೇಸರವಾದದ್ದು ಅದಕ್ಕೆ.

ಆಗ ಕ್ಯಾರಿಯರಿಗೆ ಖಾಲಿ ಹಾಲಿನ ಕ್ಯಾನು ಕಟ್ಟಿಕೊಂಡ ಹಿರಿಯರೊಬ್ಬರು ತಮ್ಮ ಹಳೇ ಸೈಕಲ್ ನಿಲ್ಲಿಸಿದರು. “ಕೈ ಹಚ್ಚಬ್ಯಾಡ್ರಿ ಅಕ್ಕಾರ, ಎಣ್ಣಿ ಹತ್ತತೈತಿ” ಅಂದು, ಒಂದು ಕಡ್ಡಿಯಿಂದ ಚೈನ್ ಎತ್ತಿ ಹಲ್ಲಿಗೆ ಕೂಡಿಸಿ, ಪೆಡಲ್ ಹಿಂದಕ್ಕೆ ತಿರುಗಿಸಿದರು. ಅರ್ಧ ನಿಮಿಷದ ಕೆಲಸ. ನಾನು ಥ್ಯಾಂಕ್ಸ್ ಹೇಳಿ ಹತ್ತಿದೆ. ಅವರು ಹೋಗಲಿಲ್ಲ. “ನೀವ ಮುಂದ ನಡೀರಿ, ನಾ ಹಿಂದ ಇರತೇನಿ” ಅಂದರು. ಅವರ ಊರು ನವಲೂರೇ, ಮನೆ ಅಲ್ಲೇ ಇತ್ತು. ಆದರೂ ಟೋಲ್ ನಾಕಾ ತನಕ ಬಂದರು. ಒಮ್ಮೆಯೂ ನನ್ನನ್ನು ದಾಟಲಿಲ್ಲ. ನಾನು ಏರಿನಲ್ಲಿ ಇಳಿದು ದೂಡಿದರೆ ಅವರೂ ಇಳಿದು ದೂಡಿದರು. ಅದೇ ಗಾಳಿ, ಅದೇ ಏರು, ಅದೇ ಸೈಕಲ್. ಹಿಂದೆ ಒಬ್ಬರು ಇದ್ದಾರೆ ಎಂಬ ಒಂದೇ ಮಾತಿನಿಂದ ನನ್ನ ಕಾಲಿಗೆ ಬಲ ಬಂತು.

ಅವರು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಬೋಗಿ ರಿಪೇರಿ ಮಾಡಿ ನಿವೃತ್ತರಾದವರು. ಆಮೇಲೆ ನಾವೇ ಒಂದು ತಂಡ ಕಟ್ಟಿಕೊಂಡೆವು, ಈಗ ಅವರು ಅದರ ಹಿರಿಯಣ್ಣ. ಸಾಲಿನ ಕೊನೆಗೆ ಇರುವವರಿಗೆ ‘ಗಾರ್ಡ್’ ಎಂದು ಹೆಸರಿಟ್ಟವರು ಅವರೇ. ರೈಲ್ವೆಯವರು 2022ರಲ್ಲಿ ಗಾರ್ಡ್ ಎಂಬ ಹುದ್ದೆಯ ಹೆಸರನ್ನು ಟ್ರೇನ್ ಮ್ಯಾನೇಜರ್ ಅಂತ ಬದಲಿಸಿದರು, ಆದರೆ ನಮ್ಮಲ್ಲಿ ಗಾರ್ಡ್ ಗಾರ್ಡೇ. ಇಂಜಿನ್ ಎಷ್ಟೇ ದೊಡ್ಡದಿರಲಿ, ಕೊನೆಯ ಡಬ್ಬಿಯಿಂದ ಗಾರ್ಡ್ ಹಸಿರು ತೋರಿಸದೆ ಗಾಡಿ ಬಿಡುವಂತಿಲ್ಲ. ಕೊನೆಯ ಬೋಗಿಯ ಬೆನ್ನಿಗೆ ದೊಡ್ಡ ಗುಣಿಸು ಚಿಹ್ನೆ ಬರೆದಿರುತ್ತಾರಲ್ಲ, ಅದು ಚಂದಕ್ಕಲ್ಲವಂತೆ. ಗಾಡಿ ಸ್ಟೇಷನ್ ದಾಟುವಾಗ ಅಲ್ಲಿನವರು ಆ ಗುರುತು ನೋಡಿಯೇ ಇಡೀ ಗಾಡಿ ಬಂತು, ನಡುವೆ ಯಾವ ಬೋಗಿಯೂ ಕಳಚಿ ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಇದನ್ನು ಕೇಳಿದ ದಿನ ರಾತ್ರಿಯೇ ನಾನು ಹಳದಿ ಬಟ್ಟೆಯ ಒಂದು ಅಂಗಿ ಹೊಲಿದು, ಬೆನ್ನಿಗೆ ಕರೇ ಪಟ್ಟಿಯಿಂದ ಅದೇ ಗುರುತು ಹಾಕಿದೆ. ನಮ್ಮ ಗಾರ್ಡ್ ಅದನ್ನೇ ತೊಡುತ್ತಾರೆ.

ಈಗ ನಾವು ಹದಿನಾಲ್ಕು ಮಂದಿ. ತಂಡಕ್ಕೆ ಹೆಸರಿಲ್ಲ, ಚಂದಾ ಇಲ್ಲ. ಇಬ್ಬರ ಹತ್ತಿರ ಮಾತ್ರ ಗೇರ್ ಸೈಕಲ್ ಇವೆ. ನಮ್ಮ ಓಣಿಯಲ್ಲಿ ಮನೆಗೆಲಸಕ್ಕೆ ಬರುವ ಹೆಣ್ಣುಮಗಳ ಮಗಳು ತನ್ನ ಅಕ್ಕನಿಗೆ ಶಾಲೆಯಲ್ಲಿ ಸಿಕ್ಕಿದ್ದ ಸರಕಾರಿ ಸೈಕಲ್ ತರುತ್ತಾಳೆ. 2006-07ರಿಂದ ಎಂಟನೇ ತರಗತಿ ಮಕ್ಕಳಿಗೆ ಕೊಡುತ್ತಿದ್ದ ಆ ಸೈಕಲ್ಲುಗಳು ಕೊರೊನಾ ಕಾಲದಲ್ಲಿ ನಿಂತವು. ಈ ಹುಡುಗಿ ಎಂಟನೇ ತರಗತಿಗೆ ಬಂದಾಗ ಸಿಗಲಿಲ್ಲ. ಬೇರೆ ಒಂದು ತಂಡದವರು ಅವಳನ್ನು ‘ಗೇರ್ ಸೈಕಲ್ ಇದ್ದರೆ ಬಾ’ ಎಂದು ವಾಪಸ್ ಕಳಿಸಿದ್ದರು. ಅವಳು ನಮ್ಮೊಳಗೆ ಎಲ್ಲರಿಗಿಂತ ಚುರುಕು.

ಗಾರ್ಡ್ ಕೆಲಸ ಪಾಳಿಯ ಮೇಲೆ. ಚೀಲದಲ್ಲಿ ಪಂಪು, ಎರಡು ಪಾನಾ, ಪಂಚರ್ ಸಾಮಾನು, ಒಂದು ಹಳೇ ಟ್ಯೂಬಿನ ತುಂಡು, ಓಆರ್‌ಎಸ್ ಪುಡಿ, ಶಿಳ್ಳೆ, ಮತ್ತು ಎಲ್ಲರ ಮನೆಯವರ ಫೋನ್ ನಂಬರ್ ಬರೆದ ಪೋಸ್ಟ್‌ಕಾರ್ಡು. ಮೊಬೈಲಿನ ಚಾರ್ಜ್ ಮುಗಿಯಬಹುದು, ಕಾರ್ಡಿನದು ಮುಗಿಯುವುದಿಲ್ಲ. ಹೆಣ್ಣುಮಕ್ಕಳು ಇಬ್ಬರಿಗಿಂತ ಹೆಚ್ಚಿದ್ದರೆ ಗಾರ್ಡ್ ಹೆಣ್ಣುಮಗಳೇ ಆಗಬೇಕು, ಯಾಕೆಂದರೆ ದಾರಿಯಲ್ಲಿ ಶೌಚಕ್ಕೆ ನಿಲ್ಲಬೇಕಾದಾಗ ಮುಂದಿನವರನ್ನು ಕೂಗಿ ನಿಲ್ಲಿಸಲು ಯಾರಿಗೂ ಬಾಯಿ ಬರುವುದಿಲ್ಲ. ಗಾರ್ಡಿಗೆ ಮೆಲ್ಲಗೆ ಹೇಳಿದರೆ ಸಾಕು. ಮುಂಜಾನೆ ಆರಕ್ಕೆ ಯಾವ ಪೆಟ್ರೋಲ್ ಬಂಕಿನ ಶೌಚಾಲಯಕ್ಕೆ ಕೀಲಿ ಹಾಕಿರುವುದಿಲ್ಲ ಎಂಬುದು ನಮಗೆ ಬಾಯಿಪಾಠ. ಈ ಒಂದು ಕಾರಣಕ್ಕೇ ಎಷ್ಟೋ ಹೆಣ್ಣುಮಕ್ಕಳು ಇಂಥ ಸವಾರಿಗಳಿಗೆ ಬರುವುದಿಲ್ಲ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ.

ಇನ್ನೊಂದು ನೇಮವನ್ನು ನಾವು ತಪ್ಪು ಮಾಡಿ ಕಲಿತೆವು. ಮೊದಮೊದಲು ಮುಂದಿನವರು ಸತ್ತೂರು, ನವಲೂರು, ರಾಯಾಪುರ ಹೀಗೆ ಅಲ್ಲಲ್ಲಿ ನಿಂತು ಹಿಂದಿನವರಿಗೆ ಕಾಯುತ್ತಿದ್ದರು. ಬಹಳ ಚಲೋ ಪದ್ಧತಿ ಅನಿಸಿತ್ತು. ಆದರೆ ಹಿಂದಿನವರು ಬಂದು ಮುಟ್ಟಿದ ಕೂಡಲೇ ‘ಬಂದ್ರಾ, ನಡೀರಿ’ ಅಂತ ಹೊರಟುಬಿಡುತ್ತಿದ್ದರು. ಗಟ್ಟಿಯಾಗಿದ್ದವರಿಗೆ ಪ್ರತಿ ನಿಲ್ದಾಣದಲ್ಲಿ ಐದೈದು ನಿಮಿಷ ವಿಶ್ರಾಂತಿ, ಸೋತವರಿಗೆ ಒಂದು ನಿಮಿಷವೂ ಇಲ್ಲ. ಇದನ್ನು ಗುರುತಿಸಿದ್ದು ಮಾಳಮಡ್ಡಿಯ ನಮ್ಮ ಗೆಳತಿ. ಅವಳು ಒಂದು ದಿನ ಏದುಸಿರು ಬಿಡುತ್ತ, “ನೀವು ನನಗ ಕಾಯಲಿಲ್ಲ, ನಿಮ್ಮ ದಣಿವು ಆರಿಸಿಕೊಂಡ್ರಿ” ಅಂದಳು. ಎಲ್ಲರೂ ಸುಮ್ಮನಾದರು. ಅಂದಿನಿಂದ ಗಾರ್ಡ್ ಬಂದು ಸೈಕಲ್ ಸ್ಟ್ಯಾಂಡ್ ಹಾಕಿದ ಮೇಲೆ ಐದು ನಿಮಿಷ ಎಣಿಸುತ್ತೇವೆ. ಸವಾರಿ ಅರ್ಧ ತಾಸು ಹೆಚ್ಚು ಹಿಡಿಯುತ್ತದೆ. ಹಿಡಿಯಲಿ.

ವೇಗದ ತಂಡಗಳ ಬಗ್ಗೆ ನನಗೆ ಬೇಸರವಿಲ್ಲ. ಹುಬ್ಬಳ್ಳಿ ಬೈಸಿಕಲ್ ಕ್ಲಬ್ಬಿನಂಥ ತಂಡದವರು ‘ಬ್ರೆವೆ’ ಎಂಬ, ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿಗಳನ್ನು ಮಾಡುವುದು ಕಂಡರೆ ನನಗೆ ಹೆಮ್ಮೆ. 200 ಕಿ.ಮೀ.ಗೆ ಹದಿಮೂರೂವರೆ ತಾಸು, 300ಕ್ಕೆ 20, 600ಕ್ಕೆ 40 ತಾಸು ಎಂದು ಗಡುವು ಇರುತ್ತದೆ. ಆ ಕಠಿಣ ಸವಾರಿಯಲ್ಲೂ ಒಂದನೇ ನಂಬರ್, ಎರಡನೇ ನಂಬರ್ ಎಂಬುದಿಲ್ಲ. ಗಡುವಿನೊಳಗೆ ಕೊನೆಗೆ ಬಂದವರಿಗೂ ಮೊದಲು ಬಂದವರಷ್ಟೇ ಮಾನ್ಯತೆ. ಅಷ್ಟು ದೂರ ಹೋಗುವವರು ಒಪ್ಪಿಕೊಂಡ ಈ ನೀತಿ ನಮ್ಮ ರವಿವಾರದ ಸಣ್ಣ ಸವಾರಿಗಳಿಗೂ ಬರಬೇಕು. ಮತ್ತೆ, ಎಷ್ಟೇ ಗಟ್ಟಿಗರಿದ್ದರೂ ಹೊಸಬರನ್ನು ಹುಬ್ಬಳ್ಳಿ-ಧಾರವಾಡ ಬೈಪಾಸಿಗೆ ಒಯ್ಯಬೇಡಿ. 2021ರ ಜನವರಿಯಲ್ಲಿ ಇಟಿಗಟ್ಟಿ ಹತ್ತಿರ ದಾವಣಗೆರೆಯ ಹೆಣ್ಣುಮಕ್ಕಳ ವಾಹನಕ್ಕೆ ಅಪಘಾತವಾಗಿ ಹಲವರು ಸತ್ತದ್ದು ನೆನಪಾದರೆ ಇವತ್ತಿಗೂ ನನಗೆ ಆ ಕಡೆ ತಿರುಗಲು ಮನಸ್ಸಾಗುವುದಿಲ್ಲ.

ಶನಿವಾರ ನಾವು ನಡೆಯುತ್ತೇವೆ. ನಡಿಗೆಗೆ ನಮ್ಮ ಅವಳಿ ನಗರದಷ್ಟು ಅನುಕೂಲ ಬೇರೆ ಕಡೆ ಸಿಗಲಾರದು ಎಂದು ನನಗನಿಸುತ್ತದೆ, ಕಾರಣ ಚಿಗರಿ. 2018ರಲ್ಲಿ ಓಡಲು ಶುರುವಾದ ಈ ಬಸ್ಸುಗಳಿಂದ ನಾವು ಕಲಿತದ್ದು, ಒಂದು ಕಡೆ ನಡೆದುಹೋಗಿ ವಾಪಸ್ ಬಸ್ಸಿನಲ್ಲಿ ಬರುವುದು. ಮೈದಾನದಲ್ಲಿ ಅದೇ ಸುತ್ತು ಹಾಕುವಾಗ ನಿಧಾನದವರನ್ನು ವೇಗದವರು ಪದೇ ಪದೇ ದಾಟಿ ಹೋಗುತ್ತಾರೆ, ನಿಧಾನದವರಿಗೆ ಮನಸ್ಸು ಕುಗ್ಗುತ್ತದೆ. ನೇರ ದಾರಿಯಲ್ಲಿ ಹಾಗಾಗುವುದಿಲ್ಲ. ನಮಗೆ ಬಹಳ ಸೇರಿದ ದಾರಿ ಅಮರಗೋಳದಿಂದ ಉಣಕಲ್ಲಿಗೆ. ಅಮರಗೋಳದಲ್ಲಿ ಬನಶಂಕರಿ ಮತ್ತು ಶಂಕರಲಿಂಗ ಗುಡಿ ನೋಡಿಕೊಂಡು, ಭೈರಿದೇವರಕೊಪ್ಪ ದಾಟಿ, ಉಣಕಲ್ ಊರೊಳಗಿನ ಚಂದ್ರಮೌಳೇಶ್ವರ ಗುಡಿ ಮುಟ್ಟುವುದು. ಎರಡೂ ಕಡೆ ಚಾಲುಕ್ಯರ ಕಾಲದ ಕಲ್ಲುಗಳು. ಚಂದ್ರಮೌಳೇಶ್ವರಕ್ಕೆ ನಾಲ್ಕೂ ದಿಕ್ಕಿಗೆ ಬಾಗಿಲು. ಮುಂಜಾನೆ ಮೂಡಣ ಬಾಗಿಲಿನಿಂದ ಬಂದ ಬೆಳಕು ಒಳಗಿನ ಕಲ್ಲಿನ ಮೇಲೆ ಬೀಳುವ ಹೊತ್ತಿಗೆ ಅಲ್ಲಿರಬೇಕು ಎಂದು ನಾವು ಬೇಗ ಹೊರಡುತ್ತೇವೆ. ಧಾರವಾಡದವಳಾದ ನಾನು ಅರವತ್ತು ದಾಟುವ ತನಕ ಆ ಗುಡಿ ನೋಡಿರಲಿಲ್ಲ, ಬಸ್ಸಿನ ಕಿಟಕಿಯಿಂದ ಅದು ಕಾಣುವುದಿಲ್ಲ.

ಮಾಳಮಡ್ಡಿಯ ಆ ಗೆಳತಿಗೆ ಮೊಣಕಾಲು ನೋವು. ಅವಳು ಭೈರಿದೇವರಕೊಪ್ಪದ ತನಕ ನಡೆದು ಚಿಗರಿ ಹತ್ತುತ್ತಾಳೆ, ಉಣಕಲ್ಲಿನಲ್ಲಿ ನಮಗಿಂತ ಮೊದಲೇ ಇಳಿದು ಕಾಯುತ್ತಾಳೆ. ಚಿಗರಿ ನಿಲ್ದಾಣದ ಕಟ್ಟೆ ಬಸ್ಸಿನ ನೆಲದ ಸಮಕ್ಕಿರುವುದರಿಂದ ಕಾಲು ಎತ್ತಿ ಹತ್ತುವ ಕಷ್ಟ ಅವಳಿಗಿಲ್ಲ. ಕಷ್ಟ ಇರುವುದು ಅವಳ ಮನೆ ಹತ್ತಿರದ ರಸ್ತೆಯಲ್ಲಿ. ಅಲ್ಲಿನ ಫುಟ್‌ಪಾತಿನ ಅಂಚನ್ನು ನಾನು ಹೊಲಿಗೆ ಟೇಪಿನಿಂದ ಅಳೆದೆ, ಒಂದು ಅಡಿಗಿಂತ ಹೆಚ್ಚಿತ್ತು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ಅದು 150 ಮಿ.ಮೀ. ಅಂದರೆ ಆರು ಇಂಚು ಮೀರಬಾರದು, ನಡೆಯಲು 1.8 ಮೀಟರಾದರೂ ಅಗಲ ತೆರವಿರಬೇಕು. ಅಡೆತಡೆಯಿಲ್ಲದ ಫುಟ್‌ಪಾತ್ ಪಾದಚಾರಿಗಳಿಗೆ ಸಂವಿಧಾನದ 21ನೇ ವಿಧಿಯಡಿ ಬರುವ ಹಕ್ಕು ಎಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಉಣಕಲ್ ನಾಲೆಯ ದಂಡೆಗುಂಟ ನಡಿಗೆಗೂ ಸೈಕಲ್ಲಿಗೂ ಹಸಿರು ಪಥ ಮಾಡುವವರಿಗೆ ನನ್ನದೊಂದು ವಿನಂತಿ: ಪ್ರತಿ ಭಾಗ ಮುಗಿದಾಗ ಉದ್ಘಾಟನೆಗೆ ಮೊದಲು ಮೊಣಕಾಲು ನೋವಿನ ಒಬ್ಬರನ್ನು, ಕೋಲು ಹಿಡಿದ ಒಬ್ಬರನ್ನು ಅಲ್ಲಿ ನಡೆಸಿ ನೋಡಿ. ಕರೆದರೆ ನಾವೇ ಬರುತ್ತೇವೆ.

ಇನ್ನು ತಮ್ಮಲ್ಲಿ ನನ್ನ ಕೋರಿಕೆ. ಉಪನ್ಯಾಸದ ಸೂಚನೆ ಹಾಕುವಾಗ ಯಾರ ಅಧ್ಯಕ್ಷತೆ, ಯಾರು ಅತಿಥಿ, ಯಾವ ಸಭಾಭವನ ಎಂದೆಲ್ಲ ಹಾಕುತ್ತೀರಿ. ನಡಿಗೆ, ಸೈಕಲ್ ಸವಾರಿಯ ಸೂಚನೆ ಬಂದಾಗಲೂ ಕೇಳಿ ತರಿಸಿಕೊಂಡು ಇಷ್ಟನ್ನು ಅಚ್ಚು ಮಾಡಿ: ಒಟ್ಟು ಎಷ್ಟು ಕಿ.ಮೀ., ತಾಸಿಗೆ ಯಾವ ವೇಗ, ಬರುವಾಗ ಏರೋ ಇಳಿಜಾರೋ, ಸಾದಾ ಸೈಕಲ್ ನಡೆಯುತ್ತದೋ ಇಲ್ಲವೋ, ಶೌಚಾಲಯ ಎಲ್ಲಿದೆ, ಮತ್ತು ಸಾಲಿನ ಕೊನೆಗೆ ಯಾರಿರುತ್ತಾರೆ. ಕೊನೆಗೆ ಯಾರೂ ಇರುವುದಿಲ್ಲ ಅನ್ನುವ ತಂಡ ‘ಎಲ್ಲರಿಗೂ ಸ್ವಾಗತ’ ಎಂದು ಬರೆದು ಕಳಿಸಿದರೆ, ದಯವಿಟ್ಟು ಆ ಎರಡು ಶಬ್ದ ತೆಗೆದು ‘ಅನುಭವಿಗಳಿಗೆ’ ಎಂದು ಹಾಕಿ. ಅದರಲ್ಲಿ ಯಾರಿಗೂ ಅವಮಾನವಿಲ್ಲ. ಓದಿದವರಿಗೆ ತಾನು ಹೋಗಬೇಕೋ ಬೇಡವೋ ತಿಳಿಯುತ್ತದೆ. ಎರಡು ಸಾಲಿನ ಜಾಗ ನಾಲ್ಕು ಸಾಲಾಗುತ್ತದೆ, ಅಷ್ಟೇ.

ನಮ್ಮ ಸೂಚನೆಯನ್ನೂ ಇದೇ ಪತ್ರದಲ್ಲಿ ಕೊಡುತ್ತಿದ್ದೇನೆ, ಸಾಧ್ಯವಾದರೆ ಶನಿವಾರ ಹಾಕಬೇಕು.

ಬರುವ ರವಿವಾರ ಮುಂಜಾನೆ 6ಕ್ಕೆ ಜ್ಯುಬಿಲಿ ವೃತ್ತದಿಂದ ನುಗ್ಗಿಕೇರಿ ಹನುಮಪ್ಪನ ಗುಡಿಗೆ ಸೈಕಲ್ ಸವಾರಿ. ಹೋಗಿ ಬರಲು 15 ಕಿ.ಮೀ. ಒಳಗೆ. ತಾಸಿಗೆ 8–10 ಕಿ.ಮೀ. ವೇಗ, ಏರಿನಲ್ಲಿ ಇಳಿದು ದೂಡಿಕೊಂಡು ಹೋಗಬಹುದು. ಯಾವ ಸೈಕಲ್ ಆದರೂ ನಡೆಯುತ್ತದೆ, ಬ್ರೇಕ್ ಹಿಡಿದರೆ ಸಾಕು. ಮಳೆ ಬಂದರೂ ಹೊರಡುತ್ತೇವೆ. ಆ ಕಡೆ ಕೆಂಪು ಮಸಾರಿ ನೆಲ, ನವಲಗುಂದ ದಾರಿಯ ಎರೆಮಣ್ಣಿನ ಹಾಗೆ ಮಡ್‌ಗಾರ್ಡಿನೊಳಗೆ ಹೊಕ್ಕು ಗಾಲಿ ಹಿಡಿಯುವುದಿಲ್ಲ. ನೀರು ತನ್ನಿ, ಮನೆಯವರ ಫೋನ್ ನಂಬರ್ ಬರೆದುಕೊಂಡು ಬನ್ನಿ. ಹೊರಡುವಾಗಲೂ ತಿರುಗಿ ಬಂದ ಮೇಲೂ ತಲೆ ಎಣಿಸಲಾಗುವುದು. ಈ ವಾರ ಗಾರ್ಡ್ ಪಾಳಿ ನನ್ನದು. ಹಳದಿ ಅಂಗಿ ಹಾಕಿಕೊಂಡು ಎಲ್ಲರಿಗಿಂತ ಹಿಂದೆ ಇರುತ್ತೇನೆ.

ಇಂತಿ,
ನಿವೃತ್ತ ಅಂಚೆ ನೌಕರಳು
ಸಪ್ತಾಪುರ, ಧಾರವಾಡ